ಮಾವನ ಕಾರಿನ ಕಿಲುಬು

1/8

ಮೊದಲನೇ ಫೋಟೊ ಜೂಮ್ ಮಾಡಿ ನೋಡಿ. ವೈರಿನ ತುದಿಯಲ್ಲಿ ಹಸಿರು ಪುಡಿ ಮೆತ್ತಿಕೊಂಡಿದೆಯಲ್ಲ, ಅದು ನನ್ನ ಕಿರುಬೆರಳ ಉಗುರಿನಷ್ಟೂ ಇಲ್ಲ. ಇಷ್ಟೇ ಇಷ್ಟು ಕಿಲುಬಿಗೆ ನಮ್ಮ ಮಾವ ಕಾರನ್ನೇ ಮಾರಿ ಊರು ಬಿಡೋಕೆ ಹೊರಟಿದ್ರು.

ನಮ್ಮೂರು ಮಲೆ ಮಹದೇಶ್ವರ ಬೆಟ್ಟ. ಅವ್ವನದು ಅಲ್ಲೇ ಹಣ್ಣುಕಾಯಿ ಅಂಗಡಿ. ನಾನು ಕೊಳ್ಳೇಗಾಲದಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿಕಾಂ ಓದ್ತಿದ್ದೀನಿ. ಅವ್ವನ ತಮ್ಮ, ಅಂದ್ರೆ ನನ್ನ ಸೋದರಮಾವ, ಹಳದಿ ಬೋರ್ಡಿನ ಕಾರು ಓಡಿಸ್ತಾರೆ. ಕೊಳ್ಳೇಗಾಲ, ಕಾಮಗೆರೆ, ಹನೂರು, ರಾಮಾಪುರ, ಕೌದಳ್ಳಿ, ತಾಳಬೆಟ್ಟ, ಆಮೇಲೆ ಘಾಟಿ. ವಾರದಲ್ಲಿ ಐದಾರು ಸಲ ಇದೇ ದಾರಿ.

ಎರಡು ವರ್ಷದ ಹಿಂದೆ ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಕಾರು ತಗೊಂಡ್ರು. ಯಾವ ಕಂಪನಿ ಅಂತ ಕೇಳಬೇಡಿ, ಈ ಕಥೆಯಲ್ಲಿ ಕಂಪನಿಯದು ಏನೂ ತಪ್ಪಿಲ್ಲ. ಕಾರಿನ ಕಂತು, ಅಜ್ಜಿಯ ಬಿಪಿ ಮಾತ್ರೆ, ನನ್ನ ಹಾಸ್ಟೆಲ್ ಫೀಸು ಮೂರೂ ಆ ನಾಲ್ಕು ಚಕ್ರದ ಮೇಲೇ ನಿಂತಿವೆ. ಬಿಕಾಂ ಸೇರಿದ ದಿನದಿಂದ ಗಾಡಿ ಲೆಕ್ಕ ಬರೆಯೋ ಕೆಲಸ ನಂದು. ನೀಲಿ ರಟ್ಟಿನ ಲೆಡ್ಜರ್. ತಾರೀಖು, ಕಿಲೋಮೀಟರ್, ಪೆಟ್ರೋಲ್, ಬಾಡಿಗೆ, ಕೊನೇಲಿ ಷರಾ.

ಆ ಹಸಿರು ಪುಡಿಗೆ ಕಾರಣ ಯಾರು ಅನ್ನೋದು ಏಳನೇ ಭಾಗದಲ್ಲಿದೆ. ಅಲ್ಲೀವರೆಗೂ ಜೊತೇಲಿ ಬನ್ನಿ.

2/8

ಕಥೆಗೆ ಮುಂಚೆ ಒಂದು ಚಿಕ್ಕ ಪಾಠ. ನನಗೂ ಮೊದಲು ಗೊತ್ತಿರಲಿಲ್ಲ.

ಹೈಬ್ರಿಡ್ ಕಾರಲ್ಲಿ ಪೆಟ್ರೋಲ್ ಎಂಜಿನ್ನೂ ಇರುತ್ತೆ, ಕರೆಂಟ್ ಮೋಟಾರೂ ಇರುತ್ತೆ. ನಮ್ಮ ಕಾರಿನಂಥವನ್ನ ಚಾರ್ಜರ್‌ಗೆ ಹಾಕೋ ಹಾಗಿಲ್ಲ. ಇಳಿಜಾರಲ್ಲಿ ಬರೋವಾಗ, ಬ್ರೇಕ್ ಒತ್ತಿದಾಗ ಚಕ್ರವೇ ಮೋಟಾರನ್ನ ತಿರುಗಿಸಿ ಕರೆಂಟ್ ಮಾಡಿ ಬ್ಯಾಟರಿಗೆ ತುಂಬುತ್ತೆ. ಹತ್ತೋವಾಗ ಅದೇ ಕರೆಂಟ್ ಎಂಜಿನ್‌ಗೆ ಹೆಗಲು ಕೊಡುತ್ತೆ. ಜಪಾನಲ್ಲಿ 1997ರಲ್ಲಿ ಬಂದ ಪ್ರಿಯಸ್‌ನಿಂದ ಈ ಥರದ ಕಾರು ಜನಕ್ಕೆ ಪರಿಚಯ ಆಯ್ತು. ನಮ್ಮ ಬಿಡದಿಯಲ್ಲೇ 2013ರಿಂದ ಹೈಬ್ರಿಡ್ ಕ್ಯಾಮ್ರಿ ತಯಾರಾಯ್ತು. ಈಗ ಹೈರೈಡರ್, ಇನ್ನೋವಾ ಹೈಕ್ರಾಸ್ ಎಲ್ಲ ಅಲ್ಲಿಂದಲೇ ಬರ್ತಾ ಇವೆ. ಅಮಾವಾಸ್ಯೆ ದಿನ ಬೆಟ್ಟದ ಪಾರ್ಕಿಂಗ್‌ನಲ್ಲಿ ನಿಂತ್ರೆ ನೀವೇ ಎಣಿಸಬಹುದು.

ಈಗ ಒಂದು ಲೆಕ್ಕ. 1,600 ಕೆಜಿ ತೂಕದ ಗಾಡಿ 100 ಮೀಟರ್ ಎತ್ತರದಿಂದ ಕೆಳಗಿಳಿದ್ರೆ ಸಿಗೋ ಶಕ್ತಿ ಸುಮಾರು 0.43 ಯೂನಿಟ್. ಮನೆ ಕರೆಂಟ್ ಬಿಲ್ಲಲ್ಲಿ ಬರೋ ಅದೇ ಯೂನಿಟ್. ಅದೆಲ್ಲ ಬ್ಯಾಟರಿಗೆ ಸೇರಲ್ಲ, ಒಂದಷ್ಟು ದಾರಿಯಲ್ಲೇ ಹೋಗುತ್ತೆ. ಆದ್ರೆ ಮೂರನೇ ತಲೆಮಾರಿನ ಪ್ರಿಯಸ್‌ನ ಬ್ಯಾಟರಿ ಪೂರ್ತಿ ಸೇರಿದ್ರೂ ಸುಮಾರು 1.3 ಯೂನಿಟ್ ಅಷ್ಟೇ. ಅಂದ್ರೆ ನಮ್ಮ ಘಾಟಿ ಇಂಥ ಸಣ್ಣ ಬ್ಯಾಟರಿಗೆ ಎಷ್ಟು ಕೆಲಸ ಕೊಡುತ್ತೆ ಯೋಚಿಸಿ. ಹತ್ತೋವಾಗ ಕೊಟ್ಟು ಕೊಟ್ಟು ಬಿಸಿ, ಇಳಿಯೋವಾಗ ತಗೊಂಡು ತಗೊಂಡು ಬಿಸಿ.

ಅದಕ್ಕೇ ಬ್ಯಾಟರಿಗೆ ಒಂದು ಫ್ಯಾನ್ ಇರುತ್ತೆ. ನಮ್ಮ ಕಾರಲ್ಲಿ ಹಿಂದಿನ ಸೀಟಿನ ಪಕ್ಕ ಒಂದು ಜಾಲರಿ ಇದೆ. ನಾವು ಕೂತಿರೋ ಜಾಗದ ಎಸಿ ಗಾಳಿಯನ್ನೇ ಅದರ ಮೂಲಕ ಎಳೆದು ಬ್ಯಾಟರಿ ಮೇಲೆ ಹಾಯಿಸುತ್ತೆ. ಮೂಗು ಇದ್ದ ಹಾಗೆ ಅದು. ಆ ಮೂಗಿನ ಮೇಲೆ ಎಷ್ಟೋ ಜನ ಬ್ಯಾಗ್ ಇಟ್ಟು ಕೂತ್ಕೋತಾರೆ.

3/8

ಕಳೆದ ದೀಪಾವಳಿ ಜಾತ್ರೆ. ನಮ್ಮ ಬೆಟ್ಟದಲ್ಲಿ ದೀಪಾವಳಿ ಅಂದ್ರೆ ಪಟಾಕಿಗಿಂತ ಹಾಲರವಿ ಉತ್ಸವ. ಬೇಡಗಂಪಣರ ಮನೆಗಳ 101 ಹೆಣ್ಣುಮಕ್ಕಳು ಹಳ್ಳದಿಂದ ಮಾದಪ್ಪನಿಗೆ ನೀರು ಹೊತ್ತು ತರ್ತಾರೆ. ಅವತ್ತು ಬರೋ ಜನ ಲೆಕ್ಕಕ್ಕೆ ಸಿಗಲ್ಲ. ಮಾವನಿಗೆ ವರ್ಷದ ದುಡಿಮೆಯಲ್ಲಿ ದೊಡ್ಡ ಪಾಲು ಇಂಥ ನಾಲ್ಕೈದು ಜಾತ್ರೆಯಲ್ಲೇ ಬರೋದು.

ನಾನು ಹಬ್ಬಕ್ಕೆ ಮನೆಗೆ ಬರ್ತಿದ್ದೆ, ಮುಂದಿನ ಸೀಟಲ್ಲಿ. ಹಿಂದೆ ಮಂಡ್ಯ ಕಡೆಯ ಒಂದು ಕುಟುಂಬ. ತಾಳಬೆಟ್ಟ ದಾಟಿ ನಾಲ್ಕೈದು ತಿರುವು ಹತ್ತಿರಬೇಕು, ಎಂಜಿನ್ ಇದ್ದಕ್ಕಿದ್ದ ಹಾಗೆ ಜೋರಾಗಿ ಕೂಗೋಕೆ ಶುರು. ಕೂಗು ಜಾಸ್ತಿ, ಓಟ ಕಮ್ಮಿ. ಮೀಟರ್ ಮೇಲೆ ಕೆಂಪು ತ್ರಿಕೋನ, ಹೈಬ್ರಿಡ್ ಸಿಸ್ಟಮ್ ಚೆಕ್ ಮಾಡಿ ಅಂತ ಬರಹ.

ಮಾವ ಓರೆಗೆ ಹಾಕಿ ನಿಲ್ಲಿಸಿದ್ರು. ಪಕ್ಕದಲ್ಲೇ ಕಾಲ್ನಡಿಗೆಯವರು ಉಘೇ ಉಘೇ ಅಂತ ಹೋಗ್ತಾ ಇದ್ರು. ಹಿಂದಿದ್ದ ಅಜ್ಜಿ ಬೇಜಾರೇ ಮಾಡ್ಕೊಳ್ಳದೆ ಸೀರೆ ಎತ್ತಿ ಕಟ್ಟಿ, "ಮಾದಪ್ಪ ನಡ್ಕೊಂಡ್ ಬಾ ಅಂತವ್ನೆ ಬುಡಪ್ಪ" ಅಂದ್ರು. ಆದ್ರೆ ಜೊತೇಲಿ ಚಿಕ್ಕ ಮಕ್ಕಳು. ಕತ್ತಲಾಗ್ತಿತ್ತು, ಆನೆ ಓಡಾಡೋ ಕಾಡು. ಮಾವ ಗುರುತಿನ ಜೀಪೊಂದಕ್ಕೆ ಕೈ ಹಾಕಿ ಅವರನ್ನ ಹತ್ತಿಸಿದ್ರು, ಅರ್ಧ ಬಾಡಿಗೆ ವಾಪಸ್ ಕೊಟ್ರು.

ಅರ್ಧ ಗಂಟೆ ನಿಂತು ತಣ್ಣಗಾದ ಮೇಲೆ ಗಾಡಿ ತಾನಾಗೇ ಸರಿಹೋಯ್ತು. ಮೆಲ್ಲಗೆ ಮನೆ ಸೇರಿದ್ವಿ. ಆ ಜಾತ್ರೆಯಲ್ಲಿ ಮಾವ ಮತ್ತೆ ಗಾಡಿ ತೆಗೀಲಿಲ್ಲ. ಲೆಡ್ಜರಲ್ಲಿ ಮೂರು ದಿನದ ಸಾಲು ಖಾಲಿ.

4/8

ದೂರದ ಒಂದು ಗ್ಯಾರೇಜಿಗೆ ತೋರಿಸ್ಕೊಂಡು ಬಂದ್ರು. ಬ್ಯಾಟರಿ ಬಿಸಿ ಆಗ್ತಿದೆ, ಹಳೇ ಗಾಡಿ, ಬ್ಯಾಟರಿನೇ ಹೋಗಿದೆ, ಹೊಸದು ಹಾಕಿ ಅಂದ್ರಂತೆ. ಎರಡೂಮುಕ್ಕಾಲು ಲಕ್ಷ.

ಅವತ್ತು ರಾತ್ರಿ ಮಾವ ಊಟಕ್ಕೆ ಕೂತು ಅನ್ನ ಕಲಸ್ತಾನೇ ಇದ್ರು, ಬಾಯಿಗೆ ಹೋಗ್ತಿರಲಿಲ್ಲ. ಕೊನೆಗೆ ಅವ್ವನಿಗೆ ಹೇಳಿದ್ರು: "ಬಂದಷ್ಟ್ಗ ಮಾರ್ಬುಟ್ಟು ಬೆಂಗ್ಳೂರ್ಗ ಹೋಯ್ತಿನಿ ಕನಕ್ಕ. ಯಾರ್ದಾರ ಗಾಡಿ ಓಡ್ಸದು." ಅವ್ವ ಮಾತಾಡಲಿಲ್ಲ. ಅಜ್ಜಿ ಒಳಗಿಂದಲೇ ಕೇಳಿಸ್ಕೊಂಡು ಸೆರಗಲ್ಲಿ ಕಣ್ಣೊರೆಸಿದ್ದು ನನಗೆ ಕಾಣಿಸ್ತು.

ನನಗೆ ಗಾಡಿ ಬಗ್ಗೆ ಗೊತ್ತಿಲ್ಲ. ಗೊತ್ತಿರೋದು ಲೆಡ್ಜರ್. ನಿದ್ದೆ ಬರದೆ ಅದನ್ನೇ ತೆಗೆದೆ. ಎರಡನೇ ಫೋಟೊ ಆ ಪುಟದ್ದು. ಪ್ರತಿ ತಿಂಗಳ ಕಿಲೋಮೀಟರನ್ನ ಪೆಟ್ರೋಲ್‌ನಿಂದ ಭಾಗಿಸಿದೆ.

ಜೂನ್ 19.6. ಜುಲೈ 18.9. ಆಗಸ್ಟ್ 17.8. ಸೆಪ್ಟೆಂಬರ್ 17.0. ಅಕ್ಟೋಬರ್ 15.9.

ಅದೇ ದಾರಿ, ಅದೇ ಡ್ರೈವರ್, ಅದೇ ಬಂಕು. ತಿಂಗಳಿಗೆ 3,000 ಕಿಲೋಮೀಟರ್ ಅಂತ ಇಟ್ಕೊಂಡ್ರೆ ಜೂನ್‌ಗಿಂತ ಅಕ್ಟೋಬರಲ್ಲಿ 35 ಲೀಟರ್ ಜಾಸ್ತಿ. ಮೂರೂವರೆ ಸಾವಿರಕ್ಕೂ ಮೀರಿ ಪ್ರತಿ ತಿಂಗಳು ಹೊಗೆ. ಇಷ್ಟು ದಿನ ನಾನು ಅಂಕಿ ಬರೆದಿದ್ದೆ, ಓದಿರಲಿಲ್ಲ.

ಕಾಯಿಲೆ ದೀಪಾವಳಿ ದಿನ ಬಂದಿದ್ದಲ್ಲ, ಮಳೆಗಾಲದಿಂದ ನಿಧಾನಕ್ಕೆ ಬಂದಿದೆ. ಬೆಳಗ್ಗೆ ಮಾವನಿಗೆ ಪುಟ ತೋರಿಸಿ, "ಮಾವ, ಮಾರೋಕೆ ಮುಂಚೆ ಇನ್ನೊಬ್ಬರಿಗೆ ತೋರಿಸಾಣ" ಅಂದೆ. ಅವರು ಪುಟನ ತುಂಬ ಹೊತ್ತು ನೋಡಿದ್ರು. "ಆಯ್ತು ನಡಿ ಕೂಸು, ತೋರ್ಸಮ" ಅಂದ್ರು.

5/8

ಕೊಳ್ಳೇಗಾಲದಲ್ಲಿ ಒಬ್ಬ ಆಟೊ ಎಲೆಕ್ಟ್ರಿಷಿಯನ್ ಅಣ್ಣ ಇದ್ದಾರೆ. ಬೆಂಗಳೂರಲ್ಲಿ ಹೈಬ್ರಿಡ್ ಗಾಡಿಗಳ ಕೆಲಸ ಕಲಿತು ಊರಿಗೆ ವಾಪಸ್ ಬಂದವರು. ಅವರು ಬಾನೆಟ್ ತೆಗೆಯೋಕೆ ಮುಂಚೆ ನನ್ನ ಲೆಡ್ಜರ್ ತಿರುವಿದ್ರು. ನಿಜ ಹೇಳ್ತೀನಿ, ಇಂಟರ್ನಲ್ಸ್‌ನಲ್ಲಿ ಫುಲ್ ಮಾರ್ಕ್ಸ್ ಬಂದಾಗ್ಲೂ ಅಷ್ಟು ಖುಷಿ ಆಗಿರಲಿಲ್ಲ.

ಮೊದಲು ಸ್ಕ್ಯಾನರ್ ಹಾಕಿದ್ರು. ಬಂದ ಕೋಡ್ ಪಿ0ಎ82. ಅರ್ಥ: ಬ್ಯಾಟರಿ ತಂಪು ಮಾಡೋ ಫ್ಯಾನು ಹೇಳಿದ ಹಾಗೆ ತಿರುಗ್ತಿಲ್ಲ. ಆಮೇಲೆ ಬ್ಯಾಟರಿಯೊಳಗಿನ ಒಂದೊಂದು ಗುಂಪಿನ ವೋಲ್ಟೇಜ್ ನೋಡಿದ್ರು, ಗಾಡಿ ಓಡಿಸ್ತಾನೂ ನೋಡಿದ್ರು. ಒಂದಕ್ಕೊಂದು 0.2 ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸ ಇಲ್ಲ. ಬ್ಯಾಟರಿ ಸಾಯ್ತಾ ಇದ್ರೆ ಯಾವುದಾದ್ರೂ ಒಂದು ಗುಂಪು ಬೇರೆಯವಕ್ಕಿಂತ ಬೇಗ ಕುಸಿಯುತ್ತಂತೆ. "ಬ್ಯಾಟ್ರಿ ಚೆನ್ನಾಗದ. ಉಸ್ರು ಕಟ್ಟದ ಅಷ್ಟೇಯ" ಅಂದ್ರು.

ಮೂರನೇ ಫೋಟೊ ಜಾಲರಿ ಹಿಂದಿನ ಫಿಲ್ಟರ್‌ದು. ಏನೇನು ಸಿಕ್ತು ಗೊತ್ತಾ? ಮುಡಿ ಕೊಟ್ಟು ಬಂದವರ ತಲೆಯಿಂದ ಉದುರಿದ ಕೂದಲ ಚೂರು, ಕಳ್ಳೆಪುರಿ, ವಿಭೂತಿ, ಒಂದು ಒಣಗಿದ ಬಿಲ್ವಪತ್ರೆ. ಇಡೀ ಜಾತ್ರೆ ಅದರೊಳಗಿತ್ತು. ಗಾಳಿ ಹೊಡೆದು ಕ್ಲೀನ್ ಮಾಡಿದ್ರು. ನಾವು ಇಷ್ಟೇ ಅಂದ್ಕೊಂಡು ಟೀ ಕುಡಿದ್ವಿ.

ಅಷ್ಟೇ ಅಲ್ಲ. ಸ್ಕ್ಯಾನರ್‌ನಿಂದ ಫ್ಯಾನಿಗೆ ಜೋರಾಗಿ ತಿರುಗು ಅಂತ ಆರ್ಡರ್ ಕೊಟ್ರೆ ಅದು ಇನ್ನೂ ಮುದುಕರ ಹಾಗೆ ನರಳ್ತಾನೇ ಇತ್ತು. ಫ್ಯಾನನ್ನ ಬಿಚ್ಚಿ ಬೇರೆ ಬ್ಯಾಟರಿಗೆ ನೇರ ಕೊಟ್ರೆ ಜುಂಯ್ ಅಂತ ತಿರುಗ್ತು. ಅಂದ್ರೆ ಫ್ಯಾನೂ ಸರಿ, ಬ್ಯಾಟರಿಯೂ ಸರಿ. ಮಧ್ಯೆ ಎಲ್ಲೋ ಕರೆಂಟು ಸೋರ್ತಾ ಇದೆ.

6/8

ಇದು ಈ ಸರಣಿಯ ಮುಖ್ಯ ಭಾಗ. ನಿಧಾನಕ್ಕೆ ಓದಿ.

ಅಣ್ಣ ಮಲ್ಟಿಮೀಟರ್ ನನ್ನ ಕೈಗೇ ಕೊಟ್ರು. ಎಲ್ಲ ಆಫ್ ಮಾಡಿ, ಫ್ಯಾನಿನ ಅರ್ತ್ ವೈರಿಗೆ ಒಂದು ಕಡ್ಡಿ, ಗಾಡಿಯ ಬಾಡಿಗೆ ಇನ್ನೊಂದು. ಬೀಪ್ ಅಂತು. "ವೈರ್ ಸರಿ ಇದೆ ಅಣ್ಣ" ಅಂದೆ.

ಅವರು ನಕ್ಕರು. "ಬೀಪ್ ನಂಬ್ಬೇಡಿ ಕನವ್ವ. ಖಾಲಿ ಗಾಡಿ ಮುರ್ಕಲು ಸೇತುವೆ ಮ್ಯಾಲೂ ದಾಟ್ತದ. ಲೋಡ್ ಹಾಕಿ ನೋಡ್ಬೇಕು."

ಬೀಪ್ ಪರೀಕ್ಷೆಯಲ್ಲಿ ಮೀಟರ್ ಕಳಿಸೋದು ಚಿಟಿಕೆಯಷ್ಟು ಕರೆಂಟ್. ಒಳಗೆ ಹತ್ತಾರು ಎಳೆ ತಾಮ್ರದಲ್ಲಿ ಒಂದೇ ಎಳೆ ಉಳಿದಿದ್ರೂ ಅದು ದಾಟುತ್ತೆ. ಫ್ಯಾನ್ ಜೋರಾಗಿ ತಿರುಗುವಾಗ ಬೇಕಾಗೋದು ಎಷ್ಟೋ ಪಟ್ಟು ಹೆಚ್ಚು. ಬರೀ ಅರ್ಧ ಓಮ್ ಅಡ್ಡಿ ಇದ್ರೂ ಮೀಟರ್ ಬೀಪ್ ಅನ್ನುತ್ತೆ. ಆದ್ರೆ ಅದರಲ್ಲಿ 8 ಆಂಪಿಯರ್ ಹರಿದ್ರೆ 4 ವೋಲ್ಟ್ ಅಲ್ಲೇ ಮಾಯ.

ಅದಕ್ಕೆ ಫ್ಯಾನ್ ತಿರುಗಿಸ್ತಾನೇ ಅಳೆದ್ವಿ. 12 ವೋಲ್ಟ್ ಬ್ಯಾಟರಿಯ ಎರಡೂ ತುದಿ ಮಧ್ಯೆ 12.4. ಫ್ಯಾನಿಗೆ ತಲುಪ್ತಿರೋದು 8.1. ಹೋಗೋ ವೈರಿನಲ್ಲಿ ಕಳೀತಿರೋದು 0.3. ವಾಪಸ್ ಬರೋ ಅರ್ತ್ ವೈರಿನಲ್ಲಿ ಕಳೀತಿರೋದು 4.0. ನಾನು ಅಲ್ಲೇ ಕೂಡಿಸಿದೆ. 8.1, 0.3, 4.0. ಮೊತ್ತ 12.4. ಟ್ಯಾಲಿ! ಕರೆಂಟು ಎಲ್ಲೂ ಸುಳ್ಳು ಲೆಕ್ಕ ಬರೆಯಲ್ಲ. ಹೋದದ್ದು ಎಲ್ಲಿ ಹೋಯ್ತು ಅಂತ ತಾಳ್ಮೆಯಿಂದ ಕೇಳಬೇಕು. ಒಳ್ಳೇ ಅರ್ತಿನಲ್ಲಿ 0.1, ಹೆಚ್ಚೆಂದ್ರೆ 0.2 ಕಳೀಬೇಕಂತೆ. ಇಲ್ಲಿ ನಾಲ್ಕು.

ಬಿಕಾಂನವರಿಗೆ ಇದು ಹೊಸದಲ್ಲ ನೋಡಿ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಯ್ತು ಅಂದ್ರೆ ಲೆಕ್ಕ ಸರಿ ಇದೆ ಅಂತಲ್ಲ. ಬರೆಯೋದೇ ಬಿಟ್ಟುಹೋದ ವ್ಯವಹಾರ, ತಪ್ಪು ಖಾತೆಗೆ ಹೋದ ಖರ್ಚು, ಒಂದನ್ನೊಂದು ಮುಚ್ಚೋ ಎರಡು ತಪ್ಪು, ಇವು ಯಾವುದೂ ಅದರಲ್ಲಿ ಕಾಣಲ್ಲ. ಪರೀಕ್ಷೆಗೆ ಇದನ್ನ ಐದು ಮಾರ್ಕಿಗೆ ಬಾಯಿಪಾಠ ಮಾಡಿದ್ದೆ. ಅರ್ಥ ಆಗಿದ್ದು ಗ್ಯಾರೇಜಲ್ಲಿ.

7/8

ಅರ್ತ್ ವೈರು ಹಿಂದಿನ ಸೀಟಿನ ಕೆಳಗೆ, ನೆಲದ ತಗಡಿಗೆ ಬೋಲ್ಟ್ ಆಗಿತ್ತು. ಬಿಚ್ಚೋಕೆ ಮುಂಚೆ ಅಣ್ಣ ಗಾಡಿ ಆಫ್ ಮಾಡಿ, 12 ವೋಲ್ಟ್ ಬ್ಯಾಟರಿಯ ಮೈನಸ್ ತೆಗೆದು, ರಬ್ಬರ್ ಗ್ಲೌಸ್ ಹಾಕಿ, ದೊಡ್ಡ ಬ್ಯಾಟರಿಯ ಸರ್ವಿಸ್ ಪ್ಲಗ್ ಕಿತ್ತು ಜೇಬಲ್ಲಿ ಇಟ್ಕೊಂಡ್ರು. ಆಮೇಲೂ ಹತ್ತು ನಿಮಿಷ ಕಾದ್ರು. ಹೈಬ್ರಿಡ್ ಬ್ಯಾಟರಿ ಅಂದ್ರೆ 200 ವೋಲ್ಟ್ ಆಸುಪಾಸು, ಕೆಲವದರಲ್ಲಿ ಇನ್ನೂ ಜಾಸ್ತಿ. ಕಿತ್ತಳೆ ಬಣ್ಣದ ಕೇಬಲ್ ಕಂಡ್ರೆ ಕೈ ಹಿಂದೆ ಕಟ್ಕೊಳ್ಳಿ. ನೀವೂ, ನಾನೂ, ಕಲಿಯದೆ ಇರೋ ಯಾರೂ ಅದನ್ನ ಮುಟ್ಟೋದಲ್ಲ.

ಸೀಟೆತ್ತಿ ಕಾರ್ಪೆಟ್ ಸರಿಸಿದ್ರು. ಕೆಳಗಿನ ಫೆಲ್ಟು ಇನ್ನೂ ತೇವ. ಮುಗ್ಗಲು ವಾಸನೆ. ಬೋಲ್ಟ್ ಸುತ್ತ ತುಕ್ಕು, ಲಗ್ ಮೇಲೆ ಹಸಿರು. ಅದೇ ಮೊದಲನೇ ಫೋಟೊ.

"ನೀರ್ ಹೆಂಗ್ ಬಂತು ಇಲ್ಗ?" ಅಂತ ಅಣ್ಣ ಮಾವನ್ನ ಕೇಳಿದ್ರು. ಮಾವ, "ಗೊತ್ತಿಲ್ಲ ಕನಪ್ಪ, ಮಳೆ ನೀರಿರ್ಬೇಕು" ಅಂದ್ರು.

ನನಗೆ ಗೊತ್ತಿತ್ತು.

ಶಿವರಾತ್ರಿ ಜಾತ್ರೆ ಮುಗಿದ ಮಾರನೇ ದಿನ. ಘಾಟಿಯಲ್ಲಿ ಒಂದು ಮಗು ಹಿಂದಿನ ಸೀಟಿನ ತುಂಬ ವಾಂತಿ ಮಾಡಿತ್ತು. ಮಾವ ಮೂರು ರಾತ್ರಿ ನಿದ್ದೆಗೆಟ್ಟು ಮಲಗಿದ್ರು. ಅವರು ಏಳೋಷ್ಟರಲ್ಲಿ ಫಳಫಳ ಮಾಡಿಡೋಣ ಅಂತ ನಾನೇ ಪೈಪ್ ತಂದು ಒಳಗಡೆಗೆ ನೀರು ಬಿಟ್ಟೆ. ಸೋಪಿನ ಪುಡಿ, ವಾಸನೆ ಹೋಗೋಕೆ ನಿಂಬೆಹಣ್ಣಿನ ರಸ. ಮೇಲೆ ಒಣಗ್ತು, ಘಮಘಮ ಅಂತು. ಕಾರ್ಪೆಟ್ ಕೆಳಗಿನ ಫೆಲ್ಟು ಆ ನೀರನ್ನ ಸ್ಪಂಜಿನ ಹಾಗೆ ಹಿಡಿದಿಟ್ಟುಕೊಳ್ತು. ಮೇಲಿಂದ ಮಳೆಗಾಲದಲ್ಲಿ ನಮ್ಮ ಬೆಟ್ಟದ ಮಂಜು. ಉಪ್ಪು, ಹುಳಿ, ಸೋಪು ಕರಗಿದ ನೀರಲ್ಲಿ ತಾಮ್ರವೂ ಕಬ್ಬಿಣವೂ ಅಂಟಿಕೊಂಡಿದ್ರೆ ಏನಾಗುತ್ತೆ ಅಂತ ಹೈಸ್ಕೂಲ್ ವಿಜ್ಞಾನದಲ್ಲೇ ಓದಿದ್ದೆ. ಆ ಜೋಡಿಯೇ ಒಂದು ಸಣ್ಣ ಬ್ಯಾಟರಿ ಆಗುತ್ತೆ, ಲೋಹ ಕರಗುತ್ತೆ.

ಅಷ್ಟೊತ್ತಿಗೆ ಬಾಯಿಬಿಡಬೇಕಿತ್ತು. ಬಿಡಲಿಲ್ಲ. ಸುಮ್ಮನೆ ಟಾರ್ಚ್ ಹಿಡಿದು ನಿಂತಿದ್ದೆ, ಕೈ ನಡುಗ್ತಿತ್ತು. ಅಣ್ಣ ಎರಡು ಸಲ "ಬೆಳ್ಕು ಇತ್ಲಾಗ್ ಬುಡಿ" ಅಂದ್ರು.

8/8

ರಿಪೇರಿ ಹೀಗೆ. ಅವ್ವ ತಾಮ್ರದ ಬಿಂದಿಗೆಯ ಕಿಲುಬನ್ನ ಹುಣಸೆಹಣ್ಣಿನಲ್ಲಿ ತಿಕ್ಕಿ ತೆಗೀತಾಳೆ. ವೈರಿಗೆ ಅದು ನಡೆಯಲ್ಲ. ಹುಳಿ ಎಳೆಗಳ ಮಧ್ಯೆ ಉಳಿದು ಮತ್ತೆ ತಿನ್ನುತ್ತೆ. ಹಸಿರು ತುದಿಯಲ್ಲಷ್ಟೇ ಇರಲಿಲ್ಲ, ಪ್ಲಾಸ್ಟಿಕ್ ಹೊದಿಕೆ ಒಳಗೂ ನುಗ್ಗಿತ್ತು. ಕೆಂಪಗೆ ಹೊಳೆಯೋ ತಾಮ್ರ ಕಾಣೋವರೆಗೂ ಕತ್ತರಿಸ್ತಾ ಹೋದ್ರು, ಒಂದು ಗೇಣು ಹೋಯ್ತು. ಅಷ್ಟೇ ದಪ್ಪದ ಹೊಸ ವೈರು ಜೋಡಿಸಿ, ಕ್ರಿಂಪ್ ಮಾಡಿ, ಒಳಗೆ ಅಂಟು ಇರೋ ಹೀಟ್ ಶ್ರಿಂಕ್ ಸ್ಲೀವ್ ಹಾಕಿದ್ರು. ಹೊಸ ಲಗ್‌ಗೆ ತವರದ ಲೇಪ ಇತ್ತು, ನಮ್ಮ ಪಾತ್ರೆಗೆ ಹಾಕಿಸೋ ಕಲಾಯಿ ಥರಾನೇ. ತಗಡನ್ನ ಉಪ್ಪುಕಾಗದದಲ್ಲಿ ಉಜ್ಜಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಸವರಿದ್ರು. ಒದ್ದೆ ಫೆಲ್ಟ್ ಕಿತ್ತು ಹೊಸದು.

ಮತ್ತೆ ಲೋಡ್ ಹಾಕಿ ಅಳೆದ್ವಿ. ಫ್ಯಾನಿಗೆ 12.0, ಹೋಗೋ ವೈರಿನಲ್ಲಿ 0.3, ಅರ್ತಿನಲ್ಲಿ 0.1. ಟ್ಯಾಲಿ.

ಖರ್ಚು: ಲಗ್ 40, ವೈರು 60, ಸ್ಲೀವ್ 50, ಗ್ರೀಸ್ 150, ಫೆಲ್ಟು 300, ಕೂಲಿ 1,200. ಒಟ್ಟು 1,800 ರೂಪಾಯಿ. ಎರಡೂಮುಕ್ಕಾಲು ಲಕ್ಷದ ಪಕ್ಕ ಇಟ್ಟು ನೋಡಿ.

ವಾಪಸ್ ಬರೋವಾಗ ಕೌದಳ್ಳಿ ದಾಟಿದ ಮೇಲೆ ಹೇಳಿದೆ. "ಮಾವ, ಒಳಗಡೆ ನೀರು ಹಾಕಿದ್ದು ನಾನು. ಶಿವರಾತ್ರಿಲಿ." ಮಾವ ರಸ್ತೆ ಬಿಟ್ಟು ಕಣ್ಣು ತೆಗೀಲಿಲ್ಲ. ತಾಳಬೆಟ್ಟದಲ್ಲಿ ಗಾಡಿ ನಿಲ್ಲಿಸಿ, ಇಳಿದು ಕೈಮುಗಿದು, ಮತ್ತೆ ಹತ್ತಿದ್ರು. ನಾನು ಅಳ್ತಿದ್ದೆ. ಮೊದಲನೇ ತಿರುವಲ್ಲಿ ಹಿಂದಿನಿಂದ ಫ್ಯಾನಿನ ಶಬ್ದ ಸಣ್ಣಗೆ ಕೇಳಿಸ್ತು. "ತಿರುಗ್ತಾ ಅದ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಅದ್ನೂ ಪುಸ್ತಕ್ದಲ್ಲಿ ಬರ್ಕ ಕೂಸು. ಇನ್ನೊಂದ್ಸಲ ನಾನೂ ಮರಿಬಾರ್ದು, ನೀನೂ ಮರಿಬಾರ್ದು."

ನಮ್ಮ ಅಕೌಂಟ್ಸಲ್ಲಿ ತಪ್ಪು ಎಂಟ್ರಿಯನ್ನ ರಬ್ಬರಲ್ಲಿ ಅಳಿಸೋ ಹಾಗಿಲ್ಲ. ಅದನ್ನ ಹಾಗೇ ಬಿಟ್ಟು, ಸರಿಪಡಿಸೋ ಇನ್ನೊಂದು ಎಂಟ್ರಿ ಹಾಕಬೇಕು. ಕೊನೇ ಫೋಟೊ ಅದೇ ಪುಟ. ಷರಾ ಕಾಲಂ ಓದಿ: ಶಿವರಾತ್ರಿ ಮಾರನೇ ದಿನ ಗಾಡಿ ಒಳಗೆ ಪೈಪಲ್ಲಿ ನೀರು ಹಾಕಿದ್ದು, ನಾನು. ಅದರ ಕೆಳಗಿನ ಸಾಲು, ರಿಪೇರಿ ಆದ ಮೇಲಿನ ಮೊದಲ ಪೂರ್ತಿ ತಿಂಗಳು: 19.4.

ಹೈಬ್ರಿಡ್ ಇರೋರು ಸೇವ್ ಮಾಡ್ಕೊಳ್ಳಿ. ಸೀಟಿನ ಪಕ್ಕದ ಜಾಲರಿ ಮೇಲೆ ಬ್ಯಾಗು, ಟವೆಲ್ಲು ಇಡಬೇಡಿ. ಒಳಗಡೆ ಪೈಪ್ ಬಿಡಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ನೀರು ಚೆಲ್ಲಿದ್ರೆ ಕಾರ್ಪೆಟ್ ಎತ್ತಿ ಒಣಗಿಸಿ. ಪ್ರತಿ ತಿಂಗಳ ಮೈಲೇಜ್ ಬರೆದಿಡಿ, ಬರೆದದ್ದನ್ನ ಓದಿ. ಯಾರಾದ್ರೂ ಬ್ಯಾಟರಿ ಹೋಗಿದೆ ಅಂದ್ರೆ ಫ್ಯಾನ್ ನೋಡಿದ್ರಾ, ಲೋಡ್ ಹಾಕಿ ವೈರ್ ಅಳೆದ್ರಾ ಅಂತ ಕೇಳಿ.

ಮಾವ ಬೆಂಗಳೂರಿಗೆ ಹೋಗಲಿಲ್ಲ. ಈ ಅಮಾವಾಸ್ಯೆಗೆ ಬೆಟ್ಟಕ್ಕೆ ಬಂದ್ರೆ ಅವರ ಗಾಡೀಲೇ ಬರ್ತೀರೇನೋ. ಬಂದ್ರೆ ಜಾಲರಿ ಮೇಲೆ ಬ್ಯಾಗ್ ಇಡಬೇಡಿ, ಅಷ್ಟೇ.

#ಮಾದಪ್ಪನಬೆಟ್ಟ #ಕೊಳ್ಳೇಗಾಲ #ಹನೂರು #ಮಾವನಕಾರು #ಬಿಕಾಂಲೆಕ್ಕ